ಬೆಕ್ಕು ಸಿಕ್ಕಿಬೀಳುವುದು ಮ್ಯಾವ್ ಅಂದಿದ್ದಕ್ಕಲ್ಲ

ಮೊನ್ನೆ ನಮ್ಮ ಕಟ್ಟಡದ ಒಬ್ಬ ಹುಡುಗಿ ಬೆಕ್ಕನ್ನು ಕಾಲೇಜು ಬ್ಯಾಗಿನಲ್ಲಿ ತುಂಬಿಕೊಂಡು ಲಿಫ್ಟ್ ಹತ್ತಿದಳು. ಜಿಪ್ ಎಳೆದಿತ್ತು. ಬ್ಯಾಗು ಮಾತ್ರ ಉಬ್ಬಿ ಇಳಿದು ಉಸಿರಾಡುತ್ತಿತ್ತು. ಒಳಗಿದ್ದ ನಾವು ನಾಲ್ಕು ಜನ ಮಹಡಿಯ ನಂಬರ್ ನೋಡುತ್ತಾ ಸುಮ್ಮನೆ ನಿಂತೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅನ್ನುತ್ತಾರೆ. ಇಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಇತ್ತು, ಮುಚ್ಚಿಕೊಂಡಿದ್ದವಳು ಸಾಕಿದವಳು.

ನಮ್ಮ ಅಪಾರ್ಟ್‌ಮೆಂಟಿನ ನೋಟಿಸ್ ಬೋರ್ಡಿನಲ್ಲಿ ‘ಸಾಕುಪ್ರಾಣಿ ನಿಷೇಧ’ ಅಂತ ಚೀಟಿ ಅಂಟಿಸಿದ್ದಾರೆ. ಅದರ ಕೆಳಗೇ ನಾನು ಒಂಬತ್ತು ವರ್ಷದಿಂದ ಬೆಕ್ಕು ಸಾಕುತ್ತಿದ್ದೇನೆ. ಮಳೆಯಲ್ಲಿ ನೆನೆದು ಅಳಿಯಂದಿರ ಕಾರಿನ ಬಾನೆಟ್ ಒಳಗೆ ಸೇರಿಕೊಂಡಿದ್ದ ಮರಿ. ಬೂದು ಬಣ್ಣ, ಅದಕ್ಕೇ ಬೂದಿ ಅಂತ ಕರೆದೆ. ‘ಎಂಥ ಹೆಸರಮ್ಮಾ’ ಅಂತ ಮಗಳು ಇವತ್ತಿಗೂ ಮುಖ ಸಿಂಡರಿಸುತ್ತಾಳೆ. ಒಂಬತ್ತು ವರ್ಷದಲ್ಲಿ ನನ್ನ ಮೇಲೆ ಒಂದು ದೂರೂ ಬಂದಿಲ್ಲ. ಆ ಹುಡುಗಿಯ ಮೇಲೆ ಎರಡು ತಿಂಗಳಿಗೆ ಮೂರು ಬಂತು.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಅಸೋಸಿಯೇಷನ್‌ನವರು ಬಹುಮತದಿಂದ ಠರಾವು ಮಾಡಿದರೂ ಸಾಕುಪ್ರಾಣಿ ಬೇಡ ಅನ್ನುವ ಹಾಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ, ಮುಖ್ಯವಾಗಿ ನಾಯಿಗಳನ್ನು ಕುರಿತು, ಮಾರ್ಗಸೂಚಿ ಕೊಟ್ಟಿದೆ. ಅದರ ಪ್ರಿಂಟ್ ತೆಗೆದು ಮನೆಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ. ಆದರೆ ಬಾಡಿಗೆ ಮನೆಯವರ ಕಥೆಯೇ ಬೇರೆ. ಕರಾರಿನಲ್ಲಿ ಪ್ರಾಣಿ ಬೇಡ ಅಂತ ಬರೆದು ನೀವು ಸಹಿ ಹಾಕಿದ್ದರೆ ಅದು ನಿಮಗೂ ಓನರಿಗೂ ನಡುವಿನ ಮಾತು. ಮರಿ ತರುವ ಮೊದಲೇ ಅವರನ್ನು ಕೇಳಿ, ಒಪ್ಪಿಗೆಯನ್ನು ಮೆಸೇಜಿನಲ್ಲಿ ತೆಗೆದುಕೊಳ್ಳಿ. ತಂದಮೇಲೆ ಗಲಾಟೆಯಾಯಿತು ಅಂತ ಗೋಣಿಚೀಲಕ್ಕೆ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟುಬರುವವರನ್ನು ನೋಡಿದ್ದೇನೆ. ಹಾಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ನಮ್ಮ ತೀರ್ಥಹಳ್ಳಿ ಕಡೆ ಹಿಂದಿನವರು ಕಳ್ಳಬೆಕ್ಕನ್ನು ದೋಣಿಯಲ್ಲಿ ತುಂಗೆಯ ಆಚೆ ದಡ ದಾಟಿಸಿ ಬರುತ್ತಿದ್ದರು. ಅವರು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಬೆಕ್ಕು ಒಲೆ ಹತ್ತಿರ ಕೂತಿರುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಸುಳ್ಳೋ ನಿಜವೋ, ಅಜ್ಜಿಯ ಮಾತು.

ಈಗ ಅಸಲು ವಿಷಯ. ಆ ಹುಡುಗಿಯ ಹಾಗೆ ಕದ್ದು ಬೆಕ್ಕು ಸಾಕುವ ಮಕ್ಕಳೆಲ್ಲ ಅದು ಕೂಗಿಬಿಟ್ಟರೆ ಗತಿಯೇನು ಅಂತ ಹೆದರುತ್ತಾರೆ. ಬೆಕ್ಕು ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿರುವ ಪ್ರಾಣಿ, ಅಷ್ಟೇನೂ ಕೂಗುವುದಿಲ್ಲ. ಕೂಗುವುದು ಬೆದೆಗೆ ಬಂದಾಗ. ಆಗ ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನ ಡಕ್ಟಿನಲ್ಲಿ ಮಗು ಅತ್ತ ಹಾಗೆ ಕೇಳಿ ಎಂಟು ಮಹಡಿಯೂ ಎದ್ದು ಕೂರುತ್ತೆ. ಐದು ತಿಂಗಳಿಗೆಲ್ಲ ಆಪರೇಷನ್ ಮಾಡಿಸಿಬಿಡಿ. ಗಂಡಾದರೂ ಅಷ್ಟೇ, ಇಲ್ಲದಿದ್ದರೆ ಬಾಗಿಲಿಗೆ, ಸೋಫಾಕ್ಕೆ ಉಚ್ಚೆ ಹೊಡೆದು ಗುರುತು ಹಾಕುತ್ತೆ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದ್ದೇ ಇದೆ. ರೇಬಿಸ್ ಚುಚ್ಚುಮದ್ದಿನ ಕಾರ್ಡನ್ನೂ ಜೋಪಾನ ಮಾಡಿ. ಜಗಳದ ದಿನ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಬೆಕ್ಕನ್ನು ಹಿಡಿದುಕೊಡುವುದು ವಾಸನೆ. ಕಾರಿಡಾರಿಗೆ ಒಂದು ಸಲ ಆ ಘಾಟು ಬಂತೋ, ಬೆಕ್ಕನ್ನು ಯಾವ ಬ್ಯಾಗಿನಲ್ಲಿ ಬಚ್ಚಿಟ್ಟರೂ ವ್ಯರ್ಥ. ಬೆಕ್ಕು ಕಕ್ಕಸು ಮಾಡುವ ಟಬ್ಬಿಗೆ ಹಾಕಲು ಅಂಗಡಿಯಲ್ಲಿ ಸಿಗುವ ಲಿಟರ್ ಅನ್ನುವ ಪುಡಿ ತರಿಸುತ್ತಾರೆ. ಐದು ಕೆಜಿ ಚೀಲ, ಅದರ ಮೇಲೆ ತಟ್ಟೆಯಗಲದ ಬೆಕ್ಕಿನ ಮುಖ. ಆ ಚೀಲ ಸೆಕ್ಯುರಿಟಿ ಮೇಜಿನ ಮೇಲೆ ಮಧ್ಯಾಹ್ನವಿಡೀ ಕೂತಿರುತ್ತೆ. ಮೇಲಿನ ಮನೆಯ ಹುಡುಗನಂತೂ ಬಳಸಿದ ಲಿಟರನ್ನು ಕಮೋಡಿಗೆ ಹಾಕಿ ನೀರು ಬಿಟ್ಟ. ಅದು ಜೇಡಿಮಣ್ಣು ಕಣಪ್ಪಾ, ನೀರು ಕುಡಿದರೆ ಊದಿ ಗಟ್ಟಿಯಾಗುತ್ತೆ! ಪೈಪ್ ಕಟ್ಟಿಕೊಂಡಿತು, ಕೆಳಗಿನವರ ಬಚ್ಚಲಲ್ಲಿ ನೀರು ಉಕ್ಕಿತು, ಪ್ಲಂಬರ್ ಎಲ್ಲರೆದುರು ಸರಳು ಹಾಕಿ ಎಳೆದ. ಬೆಕ್ಕು ಒಂದೂ ಸದ್ದು ಮಾಡದೆ ಸಿಕ್ಕಿಬಿತ್ತು.

ನಾನು ಬಳಸುವುದು ಹುರಿದ ಮರಳು. ನಗಬೇಡಿ. ಊರಿನಲ್ಲಿ ನಮ್ಮ ಬೆಕ್ಕುಗಳು ಬಚ್ಚಲ ಹಂಡೆ ಒಲೆಯ ಬೂದಿಯಲ್ಲಿ ಬೆಚ್ಚಗೆ ಮಲಗುತ್ತಿದ್ದವು, ಹೊರಗೆ ತಿಪ್ಪೆ ಪಕ್ಕದ ಬೂದಿಗುಡ್ಡೆಯಲ್ಲಿ ಕೆರೆದು ಮುಚ್ಚುತ್ತಿದ್ದವು. ಆ ನೆನಪಿನ ಮೇಲೆ ಇಲ್ಲೂ ಮೊದಲು ಬೂದಿಯನ್ನೇ ಹಾಕಿ ನೋಡಿದೆ. ಮನೆಯೆಲ್ಲ ಬೂದಿಯ ಹೆಜ್ಜೆ, ಘಾಟು ಇನ್ನೂ ಜಾಸ್ತಿ. ಆಮೇಲೆ ಮರಳಿಗೆ ಬಂದೆ.

ರಸ್ತೆ ಬದಿ ಸುರಿದ ಗುಡ್ಡೆಯಿಂದ ತರಬೇಡಿ, ಅದು ಬೀದಿ ಬೆಕ್ಕುಗಳೆಲ್ಲ ಆಗಲೇ ಕಕ್ಕಸು ಮಾಡಿಕೊಂಡಿರುವ ಮರಳು. ಎಂ ಸ್ಯಾಂಡ್ ಕೂಡ ಬೇಡ, ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು, ದೂಳು ಬೇರೆ. ಗಾರೆ ಕೆಲಸದವರ ಹತ್ತಿರ ಹೊಳೆಮರಳು ಕೇಳಿದರೆ ಒಂದು ಚೀಲ ಸಿಗುತ್ತೆ. ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಆಡಿಸಿ, ಮೇಲೆ ನಿಂತ ಕಲ್ಲು ಬಿಸಾಡಿ. ಆಮೇಲೆ ಹಿಟ್ಟಿನ ಜರಡಿಯಲ್ಲಿ ಆಡಿಸಿ, ಕೆಳಗೆ ಉದುರಿದ ಪುಡಿ ಬಿಸಾಡಿ. ನಡುವೆ ಉಳಿಯುವುದು ನಿಮ್ಮದು, ಕಡಲೆಕಾಯಿ ಹುರಿಯುವವನ ಬಂಡಿಯ ಮರಳಿನ ಹಾಗಿರಬೇಕು.

ಇನ್ನು ತೊಳೆಯುವುದು. ಬಕೆಟ್ಟಿಗೆ ಅರ್ಧ ಮರಳು, ಮೇಲೆ ನೀರು, ಕೈ ಹಾಕಿ ತಳದಿಂದ ಕಲಕಿ. ಮರಳು ಕೂರುತ್ತೆ, ಕೆಸರು ತೇಲುತ್ತೆ, ನೀರನ್ನು ಬಗ್ಗಿಸಿ ಚೆಲ್ಲಿ. ಏಳೆಂಟು ಸಲವಾದರೂ ಬೇಕು, ನೀರಿನಲ್ಲಿ ನಿಮ್ಮ ಬಳೆ ಕಾಣುವ ತನಕ. ಸೊಪ್ಪು ತೊಳೆಯುವುದು ಇದರ ತಿರುಗುಮುರುಗು, ನೆನಪಿರಲಿ. ಸೊಪ್ಪನ್ನು ನೀರಿನಿಂದ ಎತ್ತಬೇಕು, ನೀರನ್ನು ಸೊಪ್ಪಿನ ಮೇಲೆ ಬಗ್ಗಿಸಬಾರದು. ನನ್ನ ಮಗಳು ಜಾಲರಿಗೆ ಎಲ್ಲ ಒಟ್ಟಿಗೆ ಸುರಿಯುತ್ತಾಳೆ, ತಳಕ್ಕೆ ಇಳಿದಿದ್ದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೆ. ನಲವತ್ತು ವರ್ಷ ಆಯಿತು ಅವಳಿಗೆ, ಇನ್ನೂ ಹಲ್ಲಿಗೆ ಮರಳು ಸಿಕ್ಕುವ ಹುಳಿಯೇ ನಮಗೆ.

ತೊಳೆದ ಮರಳನ್ನು ಹಳೇ ಪಂಚೆ ಮೇಲೆ ಹರಡಿ ಒಂದು ದಿನ ಬಿಸಿಲಿಗೆ ಹಾಕಿ. ತಾರಸಿಯಲ್ಲಿ ಯಾರಾದರೂ ಕೇಳಿದರೆ ಕುಂಡಕ್ಕೆ ಅನ್ನಿ. ಮಾರನೇ ದಿನ ಹಳೇ ಕಬ್ಬಿಣದ ಬಾಣಲೆಯಲ್ಲಿ ಹುರಿಯಿರಿ. ನಾನ್‌ಸ್ಟಿಕ್ ಮುಟ್ಟಿದರೆ ಬೈಯುತ್ತೇನೆ. ಒಂದು ಸಲಕ್ಕೆ ನಾಲ್ಕು ಹಿಡಿ ಸಾಕು. ಮೊದಲು ಮರಳು ಮುದ್ದೆ ಮುದ್ದೆಯಾಗಿ ಸಟ್ಟುಗಕ್ಕೆ ಅಂಟುತ್ತೆ, ಹಬೆ ಏಳುತ್ತೆ. ಆಮೇಲೆ ಬಣ್ಣ ತಿಳಿಯಾಗುತ್ತೆ. ಆಮೇಲೆ ಸದ್ದು ಬದಲಾಗುತ್ತೆ, ಕರಕರ ಅನ್ನುತ್ತಿದ್ದದ್ದು ಸರಸರ ಅನ್ನುತ್ತೆ. ಆ ಸದ್ದು ಬಂದಮೇಲೂ ಒಂದು ಕಾಫಿ ಕುಡಿಯುವಷ್ಟು ಹೊತ್ತು ಹುರಿಯಿರಿ. ರಾತ್ರಿಯಿಡೀ ಆರಬೇಕು. ಮರಳು ಮೇಲೆ ತಣ್ಣಗಿದ್ದು ಒಳಗೆ ಕುದಿಯುತ್ತಿರುತ್ತೆ, ಬೆಕ್ಕಿನ ಪಾದ ಸುಟ್ಟೀತು. ಬೆಳಿಗ್ಗೆ ಒಂದು ಹಿಡಿ ತೆಗೆದು ಬಿಗಿ ಹಿಡಿದು ಬಿಡಿ. ಅಂಗೈಯಲ್ಲಿ ಒಂದು ಕಾಳೂ ಅಂಟಿರಬಾರದು. ಅಂಟಿದರೆ ಮತ್ತೆ ಬಾಣಲೆಗೆ.

ಮೊದಲ ಸಲ ಹುರಿಯುವಾಗ ಎದುರು ಮನೆಯಾಕೆ ಬಂದು ‘ಆಂಟಿ, ಕಡ್ಲೆಕಾಯಿ ಹುರೀತಿದ್ದೀರಾ?’ ಅಂತ ಕೇಳಿದಳು. ಹೂಂ ಅಂದೆ. ಹೂಂ ಅಂದಮೇಲೆ ಕೊಡಬೇಕಲ್ವಾ? ಅರ್ಧ ಸೇರು ತರಿಸಿ ಹುರಿದು ಕೊಟ್ಟೆ. ಈಗ ತಿಂಗಳಿಗೊಂದು ಸಲ ಆ ಖರ್ಚು ಇದ್ದದ್ದೇ.

ಟಬ್ಬಿಗೆ ಮೂರು ಬೆರಳು ಮರಳು, ತಳದಲ್ಲಿ ಚಿಟಿಕೆ ಅಡಿಗೆ ಸೋಡಾ. ಟಬ್ಬಿನ ಒಂದು ತುದಿಗೆ ಹಳೇ ಪಂಚಾಂಗ ಕೊಟ್ಟು ಸ್ವಲ್ಪ ಎತ್ತರ ಮಾಡಿ. ಒದ್ದೆಯೆಲ್ಲ ಇಳಿದು ಒಂದೇ ಮೂಲೆಗೆ ಸೇರುತ್ತೆ. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಒಂದು ಸಲ, ರಾತ್ರಿ ಊಟವಾದ ಮೇಲೆ ಒಂದು ಸಲ ಆ ಕಪ್ಪಾದ ಮರಳನ್ನು ತೆಗೆದು, ಪೇಪರಿನಲ್ಲಿ ಸುತ್ತಿ, ಮಕ್ಕಳ ಡೈಪರ್ ಹಾಕುವ ಕಸಕ್ಕೆ ಹಾಕಿ. ಹಸಿ ಕಸಕ್ಕಲ್ಲ. ವಾರಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಬಸುರಿಯರು ಈ ಕೆಲಸ ಮುಟ್ಟಬಾರದು, ಬೆಕ್ಕಿನ ಮಲದಿಂದ ಹೊಟ್ಟೆಯ ಮಗುವಿಗೆ ತೊಂದರೆ ಕೊಡುವ ಸೋಂಕು ಬರಬಹುದು. ಗಂಡನಿಗೆ ಎರಡು ಕೈ ಇದೆ.

ಟಬ್ ತೊಳೆಯಲು ಬಿಸಿನೀರು, ಪಾತ್ರೆ ಸೋಪು, ಬಿಸಿಲು ಸಾಕು. ಫಿನಾಯಿಲ್ ಬೇಡವೇ ಬೇಡ. ಬೆಕ್ಕು ನೆಲ ತುಳಿದ ಪಾದ ನೆಕ್ಕುತ್ತೆ, ಅದರ ಲಿವರ್ ಆ ವಿಷವನ್ನು ಅರಗಿಸಲಾರದು. ಬೀರುವಿನ ನುಸಿಗುಂಡೂ ಅಷ್ಟೇ. ಮೈ ಬಿಸಿಯಾಗಿದೆ ಅಂತ ಅರ್ಧ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸತ್ತೇಹೋಗಬಹುದು. ಉಚ್ಚೆ ಹೊಯ್ದ ಜಾಗಕ್ಕೆ ಬ್ಲೀಚ್ ಸುರಿಯಬೇಡಿ, ಏಳುವ ಹೊಗೆ ನಿಮ್ಮನ್ನೇ ಕೆಮ್ಮಿಸುತ್ತೆ.

ಊಟದ ವಿಷಯದಲ್ಲಿ ನಾನೂ ತಪ್ಪು ಮಾಡಿದವಳೇ. ಊರಲ್ಲಿ ಬೆಕ್ಕು ಮೊಸರನ್ನ ತಿಂದೇ ಬೆಳೆಯಿತು ಅನ್ನುತ್ತಿದ್ದೆ. ಡಾಕ್ಟರ್ ನಕ್ಕುಬಿಟ್ಟರು. ಹಗಲು ನಿಮ್ಮ ಮೊಸರನ್ನ, ರಾತ್ರಿ ನಿಮ್ಮ ಅಟ್ಟದ ಇಲಿ, ಅದಕ್ಕೇ ಬದುಕಿತು ಅಂದರು. ಐದನೇ ಮಹಡಿಯಲ್ಲಿ ಇಲಿ ಎಲ್ಲಿಂದ ಬರಬೇಕು? ಟಾರಿನ್ ಅನ್ನುವ ಅಂಶ ಮಾಂಸ, ಮೀನಿನಲ್ಲೇ ಹೆಚ್ಚಾಗಿ ಸಿಗುತ್ತದಂತೆ, ಅದಿಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತೆ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಅಂತಲೇ ಸಿಗುವ ಒಣ ಆಹಾರ ತರಿಸಿ, ಬಾಲ್ಕನಿಯಲ್ಲಿ ಬೇರೆ ತಟ್ಟೆ ಇಟ್ಟಿದ್ದೇನೆ. ಹಾಲು ನಿಲ್ಲಿಸಿದೆ, ದೊಡ್ಡ ಬೆಕ್ಕಿಗೆ ಹೊಟ್ಟೆ ಕೆಡುತ್ತೆ, ಆಮೇಲೆ ವಾಸನೆ ಯಾರು ತಡೆಯುತ್ತಾರೆ?

ಬಾಲ್ಕನಿ ಅಂದಾಗ ನೆನಪಾಯಿತು. ಪಾರಿವಾಳಕ್ಕೆ ಕಟ್ಟುವ ನೈಲಾನ್ ಬಲೆ ನಂಬಬೇಡಿ, ಬೆಕ್ಕು ಕಚ್ಚಿ ಹರಿಯುತ್ತೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತೆ ಅನ್ನುವವರು ದವಡೆ ಮುರಿದ ಬೆಕ್ಕನ್ನು ನೋಡಿಲ್ಲ. ಸ್ಟೀಲ್ ಜಾಲರಿ ಹಾಕಿಸಿ.

ಮಳೆಗಾಲಕ್ಕೆ ಬೇಕಾದ ಮರಳಿನ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಜೂನ್ ಬಂದರೆ ಬಿಸಿಲಿಲ್ಲ, ಒದ್ದೆ ಮರಳು ಹುರಿಯಲು ಗ್ಯಾಸ್ ದಂಡ. ಎರಡು ಬಕೆಟ್ ಹುರಿದು ಡಬ್ಬಿಗೆ ತುಂಬಿ, ಮೇಲೆ ದಪ್ಪ ಅಕ್ಷರದಲ್ಲಿ ಮರಳು ಅಂತ ಬರೆದಿಡಿ. ನಾನು ಬರೆದಿರಲಿಲ್ಲ. ಒಂದು ಭಾನುವಾರ ಅಳಿಯಂದಿರು ಹೆಂಡತಿಗೆ ವಿಶ್ರಾಂತಿ ಕೊಡುತ್ತೇನೆ ಅಂತ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ, ರವೆ ಅಂದುಕೊಂಡು ಎರಡು ಲೋಟ ಸುರಿದರು. ನೀರು ಹಾಕಿದ ಮೇಲೂ ಐದು ನಿಮಿಷ ತಿರುವಿದರಂತೆ, ಯಾಕೆ ಅರಳುತ್ತಿಲ್ಲ ಅಂತ.