ಸೆಕೆಂಡ್ ಹ್ಯಾಂಡ್ ಕಾರು: ಪೆಟ್ರೋಲೋ, ಡೀಸೆಲೋ?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮೈಲೇಜನ್ನು. ಅದಕ್ಕೂ ಮುನ್ನ ಎರಡು ವಿಷಯಗಳು ಸ್ಪಷ್ಟವಾಗಿರಬೇಕು: ಈ ಕಾರನ್ನು ನಾವು ಎಲ್ಲಿ, ಎಷ್ಟು ದೂರ ಓಡಿಸಲಿದ್ದೇವೆ, ನಮಗಿಂತ ಮೊದಲು ಇದನ್ನು ಇಟ್ಟುಕೊಂಡಿದ್ದವರು ಎಲ್ಲಿ, ಹೇಗೆ ಓಡಿಸಿದ್ದಾರೆ. ಹೊಸ ಕಾರಿಗೆ ಮೊದಲನೆಯದು ತಿಳಿದರೆ ಸಾಕು. ಹಳೆಯ ಕಾರಿಗೆ, ಅದರಲ್ಲೂ ಡೀಸೆಲ್ ಕಾರಿಗೆ, ಎರಡನೆಯದೇ ಹೆಚ್ಚು ಮುಖ್ಯ.

ಡೀಸೆಲ್ ಎಂದರೆ ಉಳಿತಾಯ ಎಂಬ ನಂಬಿಕೆ ಈಗಲೂ ಗಟ್ಟಿಯಾಗಿದೆ. ಡೀಸೆಲ್ ದರ ಸರ್ಕಾರದ ನಿಯಂತ್ರಣದಲ್ಲಿದ್ದ 2012ರಲ್ಲಿ ಎರಡು ಇಂಧನಗಳ ನಡುವಿನ ಅಂತರ ಲೀಟರಿಗೆ 30 ರೂಪಾಯಿ ದಾಟಿದ್ದುದರಿಂದ ಆಗ ಆ ನಂಬಿಕೆಗೆ ಆಧಾರವಿತ್ತು. 2014ರ ಅಕ್ಟೋಬರ್‌ನಲ್ಲಿ ನಿಯಂತ್ರಣ ತೆರವಾಯಿತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಏರಿಸಿದಾಗ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ, ಡೀಸೆಲ್ ಸುಮಾರು 91 ರೂಪಾಯಿ ಇತ್ತು, ಅಂದರೆ ಅಂತರ 12 ರೂಪಾಯಿಗೆ ಇಳಿದಿತ್ತು.

ಈ ದರಗಳನ್ನೇ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಅದೇ ಮಾದರಿಯ ಡೀಸೆಲ್ ಕಾರು 20 ಕಿ.ಮೀ. ಕೊಡುತ್ತದೆ ಎಂದುಕೊಂಡರೆ ಡೀಸೆಲ್‌ನಿಂದ ಕಿಲೋಮೀಟರಿಗೆ ಸುಮಾರು 2 ರೂಪಾಯಿ 30 ಪೈಸೆ ಉಳಿಯುತ್ತದೆ. ಡೀಸೆಲ್ ಕಾರಿಗೆ 60,000 ರೂಪಾಯಿ ಹೆಚ್ಚು ಬೆಲೆಯಿದ್ದು, ಅದರ ಸರ್ವಿಸ್ ಮತ್ತು ರಿಪೇರಿಗೆ ವರ್ಷಕ್ಕೆ 6,000 ರೂಪಾಯಿ ಹೆಚ್ಚು ತಗಲುವುದಾದರೆ, ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ ಆ ಹಣ ಮರಳಲು ಐದು ವರ್ಷಗಳೇ ಬೇಕಾಗುತ್ತವೆ, 20,000 ಕಿ.ಮೀ. ಓಡಿಸುವವರಿಗೆ ಒಂದೂವರೆ ವರ್ಷ ಸಾಕು. ನೀವು ನೋಡಿದ ಕಾರುಗಳ ಬೆಲೆಯನ್ನೂ ನಿಮ್ಮ ಊರಿನ ಬಂಕಿನ ದರವನ್ನೂ ಹಾಕಿ ಇದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಅಥವಾ ಹೆಚ್ಚು ಗಾಳಿ ತುಂಬುವ ಟರ್ಬೊ ಒಮ್ಮೆ ಕೆಟ್ಟರೂ ಹಲವು ತಿಂಗಳ ಉಳಿತಾಯ ಅದಕ್ಕೇ ಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಹಣಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ದೇಶದಾದ್ಯಂತ ಜಾರಿಯಾದ ಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್, ಅಂದರೆ ಡಿಪಿಎಫ್, ಇರುತ್ತದೆ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಸೈಲೆನ್ಸರ್ ಕೊಳವೆಯೊಳಗಿನ ಬಿಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು, ಅದಕ್ಕೆ ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್, ಅದೂ ಸಿಲ್ಕ್ ಬೋರ್ಡ್‌ನಂಥ ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡುವ ಕಾರಿನಲ್ಲಿ ಮಸಿ ಅರ್ಧಂಬರ್ಧ ಸುಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ಹಾಗಾಗಿ ನಗರದೊಳಗೇ ಓಡಾಡುವವರು ಬಿಎಸ್-6 ಡೀಸೆಲ್ ಕಾರನ್ನು ಕೊಳ್ಳಬಾರದೆಂದೇ ನಾನು ಹೇಳುತ್ತೇನೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಸರಿ. ಇದೇ ಕಾರಣಕ್ಕೆ, ನಗರದಲ್ಲಿ 30,000 ಕಿ.ಮೀ. ಓಡಿದ ಡೀಸೆಲ್ ಕಾರಿಗಿಂತ ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ 90,000 ಕಿ.ಮೀ. ಓಡಿ, ಸರ್ವಿಸ್ ದಾಖಲೆಗಳೆಲ್ಲ ಸರಿಯಾಗಿರುವ ಕಾರು ಎಷ್ಟೋ ಸಲ ಉತ್ತಮವಾಗಿರುತ್ತದೆ.

ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರಿಗೆ, ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಐದಾರು ಜನರೊಂದಿಗೆ ಪದೇ ಪದೇ ಹತ್ತಿಳಿಯುವವರಿಗೆ ಡೀಸೆಲ್ಲೇ ಸರಿ. ಕಡಿಮೆ ಆರ್‌ಪಿಎಂನಲ್ಲೇ ಅದರ ಎಳೆಯುವ ಶಕ್ತಿ ಹೆಚ್ಚಿರುವುದರಿಂದ ಏರಿನಲ್ಲಿ ಮತ್ತೆ ಮತ್ತೆ ಗೇರ್ ಇಳಿಸಬೇಕಾಗುವುದಿಲ್ಲ. ಮಾರುತಿ ಸುಜುಕಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿರುವುದರಿಂದ ಡೀಸೆಲ್ ಸ್ವಿಫ್ಟ್, ಡಿಜೈರ್‌ಗಳೆಲ್ಲ ಅದಕ್ಕಿಂತ ಹಳೆಯವು. ಆದರೂ ಅವುಗಳಲ್ಲಿರುವ ಫಿಯೆಟ್ ಮೂಲದ 1.3 ಲೀಟರ್ ಎಂಜಿನ್ ಟಾಟಾ ಕಾರುಗಳಲ್ಲೂ ಬಳಕೆಯಾಗಿದ್ದು, ಅದನ್ನು ಬಲ್ಲ ಮೆಕ್ಯಾನಿಕ್‌ಗಳು ಸಣ್ಣ ಊರುಗಳಲ್ಲೂ ಸಿಗುತ್ತಾರೆ.

ಡೀಸೆಲ್ ಕಾರನ್ನು ನೋಡಲು ಬೆಳಿಗ್ಗೆಯೇ ಹೋಗಿ, ತಾವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿಡಿ. ಬಿಸಿಯಾದ ಎಂಜಿನ್ ತನ್ನ ಅನೇಕ ದೋಷಗಳನ್ನು ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ದಟ್ಟ ಕಪ್ಪು ಹೊಗೆಯಾದರೆ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಭಾಗ) ಅಥವಾ ಟರ್ಬೊ ಕಡೆ ಅನುಮಾನ ಪಡಬೇಕು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ತೆಗೆಸಿ ನೋಡಿ, ಅಲ್ಲಿಂದ ಹೊಗೆ ರಭಸವಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್‌ಗಳು ಸವೆದಿರುವ ಸಾಧ್ಯತೆ ಹೆಚ್ಚು. ಡಿಪಿಎಫ್ ಇರಬೇಕಾದ ಕಾರಿನ ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿದಾಗ ದಪ್ಪ ಮಸಿ ಅಂಟಿದರೆ ಫಿಲ್ಟರ್ ಒಡೆದಿರಬಹುದು, ಇಲ್ಲವೇ ಯಾರೋ ಅದನ್ನು ತೆಗೆಸಿರಬಹುದು. ಅಂಥ ಕಾರನ್ನು ಅಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು.

ಪೆಟ್ರೋಲ್ ಕಾರಿನಲ್ಲಿ ಇಷ್ಟೊಂದು ಪರೀಕ್ಷೆ ಬೇಕಿಲ್ಲ. ಆದರೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ. 2023ರ ಏಪ್ರಿಲ್‌ಗಿಂತ ಹಿಂದಿನ ಬಹುತೇಕ ಕಾರುಗಳು ಅದಕ್ಕೆಂದು ತಯಾರಾದವಲ್ಲವಾದ್ದರಿಂದ ಅವುಗಳಲ್ಲಿ ಮೈಲೇಜ್ ಸ್ವಲ್ಪ ತಗ್ಗುತ್ತದೆ. ಇಂಧನದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಗ್ಯಾಸ್ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು.

ಕೊನೆಯದಾಗಿ, ದೆಹಲಿ ನೋಂದಣಿಯ ಅಗ್ಗದ ಡೀಸೆಲ್ ಕಾರುಗಳ ವಿಷಯ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಮೇಲೆ ಅದರ ಜಾರಿಯಲ್ಲಿ ಬದಲಾವಣೆಗಳಾಗಿದ್ದರೂ ಅಲ್ಲಿ ಬೆಲೆ ಕಳೆದುಕೊಂಡ ಕಾರುಗಳು ದಕ್ಷಿಣಕ್ಕೆ ಬರುತ್ತಲೇ ಇವೆ. ಕರ್ನಾಟಕದಲ್ಲಿ ಖಾಸಗಿ ಕಾರಿನ ಆರ್‌ಸಿ ಅವಧಿ ಎರಡೂ ಇಂಧನಗಳಿಗೆ 15 ವರ್ಷವಾದ್ದರಿಂದ ಈ ಕಾರುಗಳು ಇಲ್ಲಿ ಓಡಬಹುದು. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿ ಕಾರಿನ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆಯಬೇಕು. ಆ ತೆರಿಗೆಯನ್ನು ಬೆಲೆಗೆ ಸೇರಿಸಿದ ಮೇಲೂ ಅದು ಇಲ್ಲಿನ ಕಾರಿಗಿಂತ ಅಗ್ಗವೇ ಎಂದು ನೋಡಿ, ಮತ್ತು ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.