ನೇತ್ರಾಣಿಯ ನೀರು ಯಾವ ಕಡೆ ಹೋಗುತ್ತದೆ: ಫ್ಲೋಟ್ ಬಿಟ್ಟು ಕಂಡುಕೊಂಡ ನನ್ನ ಅನುಭವ

ಚಳಿಗಾಲದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೀರು ಗಾಳಿಗೆ ಎದುರಾಗಿ ಉತ್ತರಕ್ಕೆ ಹೋಗುತ್ತದೆ. ಇದನ್ನು ಹೇಳಿದಾಗ ನನ್ನ ಡೈವಿಂಗ್ ಗೆಳೆಯರು ಯಾರೂ ಒಪ್ಪಲಿಲ್ಲ. "ಮಧ್ಯಾಹ್ನ ಆದ್ರೆ ವಾಯವ್ಯದ ಗಾಳಿ ಬೀಸ್ತದೆ, ನೀರು ಅದಕ್ಕೆ ಎದುರು ಹೇಗೆ ಹೋಗ್ತದೆ ಮಾರಾಯಾ?" ಅಂದರು. ಉಳಿದದ್ದೆಲ್ಲ ಭರತ-ಇಳಿತದ ಆಟ ಅಂತ ಅವರ ವಾದ. ಈಗ ದ್ವೀಪದ ಯಾವ ಮಗ್ಗುಲಲ್ಲಿ ಇಳಿದರೆ ಮೀನು ಸಿಗುತ್ತದೆ ಅಂತ ಹಿಂದಿನ ಸಂಜೆಯೇ ಹೇಳುತ್ತೇನೆ. ಹತ್ತಕ್ಕೆ ಏಳೆಂಟು ಸಲ ಸರಿ ಬರುತ್ತಿದೆ. ಅದೇ ಗೆಳೆಯರು ಈಗ ಬೋಟ್ ಹೊರಡುವ ಮೊದಲು ನನಗೆ ಫೋನ್ ಮಾಡುತ್ತಾರೆ.

ಮುರುಡೇಶ್ವರದಿಂದ ದ್ವೀಪಕ್ಕೆ 19 ಕಿ.ಮೀ. ಆಸುಪಾಸು. ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನ ನಕ್ಷೆಯಲ್ಲಿ ಕರಾವಳಿಯ ದೊಡ್ಡ ಹರಿವು ಚೆನ್ನಾಗಿ ಕಾಣುತ್ತದೆ. ಮಳೆಗಾಲದಲ್ಲಿ ದಕ್ಷಿಣಕ್ಕೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರಕ್ಕೆ. ಆದರೆ ಇಷ್ಟು ಸಣ್ಣ ಗುಡ್ಡದ ಪಕ್ಕ ನಾಳೆ ಬೆಳಿಗ್ಗೆ ಏನಾಗುತ್ತದೆ ಅಂತ ಆ ನಕ್ಷೆ ಹೇಳುವುದಿಲ್ಲ. ಅದಕ್ಕೇ ನೀರಿನ ಜೊತೆ ತೇಲಿ ಹೋಗಿ ದಾರಿ ತೋರಿಸುವ ಫ್ಲೋಟ್ ಮಾಡಲು ಕೂತೆ.

ಮೊದಲ ಫ್ಲೋಟ್‌ಗಳು ಸುಮ್ನೆ ದುಡ್ಡು ನುಂಗಿದವು. ಪಿವಿಸಿ ಪೈಪು, ಬಲೆಗೆ ಕಟ್ಟುವ ತೇಲು ಬುರುಡೆ, ಒಳಗೆ ಬೈಕಿಗೆ ಹಾಕುವ ಜಿಪಿಎಸ್ ಟ್ರ್ಯಾಕರ್. ಟ್ರ್ಯಾಕರ್‌ಗೇ 1800 ರೂಪಾಯಿ, ಸಿಮ್ ರೀಚಾರ್ಜ್ ಬೇರೆ. ದ್ವೀಪದ ಹತ್ತಿರ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಹಾಗಾಗಿ ಸಿಗ್ನಲ್ ಇಲ್ಲದಾಗ ಜಾಗವನ್ನು ನೆನಪಿಟ್ಟುಕೊಂಡು ಆಮೇಲೆ ಕಳಿಸುವ ಟ್ರ್ಯಾಕರ್ರೇ ಬೇಕು. ಅಗ್ಗದ್ದು ತಂದರೆ ಅರ್ಧ ದಾರಿಯೇ ಸಿಗುವುದಿಲ್ಲ. ಕೆಲವಕ್ಕೆ ನೀರು ನುಗ್ಗಿತು. ಒಂದಂತೂ ರಾತ್ರಿ ಯಾವುದೋ ಟ್ರಾಲರ್ ಬಲೆಗೆ ಸಿಕ್ಕಿ, ಮೊಬೈಲಿನಲ್ಲಿ ನೋಡುತ್ತಿದ್ದಂತೆ ನೇರ ಗೆರೆ ಎಳೆದು ಬಂದರಿಗೆ ಹೋಯಿತು. ಬಿಟ್ಟದ್ದರಲ್ಲಿ ಅರ್ಧದಷ್ಟು ವಾಪಸ್ ಬಂದಿಲ್ಲ. ಡೀಸೆಲ್ ಸೇರಿ ಅರವತ್ತು-ಎಪ್ಪತ್ತು ಸಾವಿರ ಹೋಗಿರಬಹುದು. ಡೈವಿಂಗ್‌ಗೆ ಹೋಗುವ ಬೋಟಿನಲ್ಲೇ ಒಯ್ದದ್ದರಿಂದ ಇಷ್ಟಕ್ಕೆ ಮುಗಿಯಿತು.

ಉಳಿದು ಬಂದವು ಕೂಡ ಗಾಳಿ ಹೋದ ಕಡೆಗೇ ಹೋಗಿದ್ದವು. ಗೆಳೆಯರಿಗೆ ಅಷ್ಟೇ ಸಾಕಾಯಿತು. ಆದರೆ ಮೀನು ಬೋಟ್ ನಡೆಸುವ ನಮ್ಮ ಹಳೆಯ ತಾಂಡೇಲರೊಬ್ಬರು ಒಂದು ಮಾತು ಹೇಳಿದ್ದರು: "ಚಳಿಗಾಲದಲ್ಲಿ ಬಲೆ ಬಡಗಕ್ಕೇ ಎಳೀತದೆ." ಬಲೆ ಇರುವುದು ನೀರಿನ ಒಳಗೆ, ನನ್ನ ಬುರುಡೆ ಇದ್ದದ್ದು ಮೇಲೆ. ಪೆಸಿಫಿಕ್‌ನಲ್ಲೂ ಹೀಗೇ ಆಗಿತ್ತು. ಟ್ಯೂನಾಗೆಂದು ಆಳಕ್ಕೆ ಬಿಟ್ಟ ಹಗ್ಗಗಳು ಮೇಲ್ನೀರಿಗೆ ಎದುರಾಗಿ ಪೂರ್ವಕ್ಕೆ ಹೋಗುತ್ತಿದ್ದವು. ಅದರ ಬೆನ್ನು ಹತ್ತಿದ ಅಮೆರಿಕದ ಸಾಗರ ವಿಜ್ಞಾನಿ ಟೌನ್‌ಸೆಂಡ್ ಕ್ರಾಮ್‌ವೆಲ್ 1952ರಲ್ಲಿ ಸಮಭಾಜಕದ ಉದ್ದಕ್ಕೂ ಮೇಲ್ನೀರಿನ ಅಡಿಯಲ್ಲಿ ಓಡುವ ಹರಿವನ್ನು ಕಂಡುಹಿಡಿದರು. ಆ ತಣ್ಣನೆ ನೀರು ಗಲಾಪಗೋಸ್‌ನ ಇಸಬೆಲಾ, ಫರ್ನಾಂಡಿನಾ ದ್ವೀಪಗಳ ಪಶ್ಚಿಮ ದಂಡೆಗೆ ಬಡಿದು ಮೇಲೇಳುತ್ತದೆ. ಸಮಭಾಜಕದ ಮೇಲೆ ಪೆಂಗ್ವಿನ್ ಬದುಕಿರುವುದು ಅದರ ದಯೆಯಿಂದ.

ಹಾಗಾಗಿ ಗಾಳಿಗೆ ಸಿಗದ ಹಾಗೆ ಬುರುಡೆಯನ್ನು ಚಿಕ್ಕದು ಮಾಡಿದೆ, ಒಳಗಿನ ನೀರು ಎಳೆಯಲಿ ಅಂತ ಅಡಿಯಲ್ಲಿ ಹಾಯಿ ಕಟ್ಟಿದೆ. ಟಾರ್ಪಾಲಿನಿಂದ ನಾಲ್ಕು ರೆಕ್ಕೆ, ತಳಕ್ಕೆ ಭಾರ, ತೆಳ್ಳನೆ ಹಗ್ಗದಲ್ಲಿ ಏಳು ಮೀಟರ್ ಕೆಳಗೆ. ಸಂಶೋಧನೆಯವರ ದೊಡ್ಡ ಫ್ಲೋಟ್‌ಗಳಲ್ಲಿ ಇದು 15 ಮೀಟರ್ ಆಳದಲ್ಲಿರುತ್ತದೆ. ನಮ್ಮಲ್ಲಿ ತಳಕ್ಕೆ ಸಿಕ್ಕಿಕೊಳ್ಳುವ ಭಯ, ಅದಕ್ಕೇ ಏಳು. ಹಗ್ಗ ರೆಕ್ಕೆಗೆ ಸುತ್ತಿಕೊಳ್ಳದ ಹಾಗೆ ಮಾಡಲು ಒಂದು ಕಟ್ಟು ಇದೆ. ತುಂಬ ಕಷ್ಟಪಟ್ಟು ಕಲಿತದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜನವರಿಯ ಒಂದು ಬೆಳಿಗ್ಗೆ ಹಾಯಿ ಇದ್ದದ್ದು, ಇಲ್ಲದ್ದು ಎರಡನ್ನೂ ಒಂದೇ ಜಾಗದಲ್ಲಿ ಇಳಿಸಿದೆವು. ಗಾಳಿ ಏಳುವವರೆಗೆ ಎರಡೂ ಜೊತೆಗೇ ಇದ್ದವು. ಗಾಳಿ ಎದ್ದ ಮೇಲೆ ಬರಿ ಬುರುಡೆ ಅಲೆಯ ಜೊತೆ ಆಗ್ನೇಯಕ್ಕೆ ಓಡಿತು. ಹಾಯಿಯದ್ದು ಗಾಳಿಗೆ ಎದೆ ಕೊಟ್ಟು ನಿಂತಿತ್ತು. ಅದರ ದಕ್ಷಿಣದ ಮಗ್ಗುಲಲ್ಲಿ ನೀರು ಸಣ್ಣಗೆ ಸುಳಿ ಬಿಡುತ್ತಿತ್ತು. ಬೋಟಿನಲ್ಲಿದ್ದವರೆಲ್ಲ ಕಣ್ಣಾರೆ ನೋಡಿದರು. ಮರುದಿನ ಅದು ಉತ್ತರಕ್ಕೆ ಹತ್ತು-ಹನ್ನೆರಡು ಕಿ.ಮೀ. ಹೋಗಿತ್ತು. ಅಂದರೆ ಗಂಟೆಗೆ ಅರ್ಧ ಕಿ.ಮೀ.ಗಿಂತ ಕೊಂಚ ಕಮ್ಮಿ.

ಇನ್ನೊಂದು ಮುಖ್ಯ ವಿಷಯ, 25 ಗಂಟೆ ಬಿಡಬೇಕು. ಎರಡು ಭರತ, ಎರಡು ಇಳಿತ ಪೂರ್ತಿ ಮುಗಿಯುವಷ್ಟು ಹೊತ್ತು. ನಡುವಿನ ದಾರಿ ಸುತ್ತು ಸುತ್ತಾಗಿರುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಮೊದಲ ಚುಕ್ಕೆ, ಕೊನೆಯ ಚುಕ್ಕೆ ಸೇರಿಸಿದರೆ ಸಿಗುವುದೇ ಹರಿವು. ಮೂರು-ನಾಲ್ಕು ಗಂಟೆಗೆ ಎತ್ತಿಬಿಟ್ಟರೆ ಭರತ-ಇಳಿತ ಮಾತ್ರ ಕಾಣುತ್ತದೆ. ಗೆಳೆಯರ ವಾದ ಹುಟ್ಟಿದ್ದೇ ಅಲ್ಲಿಂದ.

ಇದರ ಮಧ್ಯೆ ತೆಂಗಿನಕಾಯಿಗೆ ಕೆಂಪು ಬಣ್ಣ ಬಳಿದೂ ಬಿಟ್ಟು ನೋಡಿದೆ. ಸಿಕ್ಕ ಕೆಲವು ಭಟ್ಕಳದ ಹತ್ತಿರದ ಜಾಲಿ, ತೆಂಗಿನಗುಂಡಿ ಕಡೆ ದಡ ಸೇರಿದ್ದವು. ಬರಿ ಗಾಳಿಯ ಲೆಕ್ಕ. ಅಕ್ಟೋಬರ್‌ನಲ್ಲಿ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು ಇಳಿಸಿದ್ದು ಮಾತ್ರ ಚಂದ ಬಂತು. ಮೇಲೆ 28 ಡಿಗ್ರಿ, ಇಪ್ಪತ್ತು ಮೀಟರ್ ಕೆಳಗೆ 23ರ ಹತ್ತಿರ. ಮಳೆಗಾಲದ ಹರಿವು ಆಳದ ತಣ್ಣೀರನ್ನು ದಡದ ಕಡೆ ಎತ್ತಿ ತಂದಿರುತ್ತದೆ, ಅದರಲ್ಲಿ ಆಮ್ಲಜನಕ ಕಮ್ಮಿ. ಆಗ ಮೀನು ತಳ ಬಿಟ್ಟು ಮೇಲೆ ಬಂದಿರುತ್ತವೆ, ಕೆಳಗೆ ಹುಡುಕಿ ಪ್ರಯೋಜನವಿಲ್ಲ. ಅದೇ ನೀರಿನ ಸತ್ವದಿಂದ ಮೇಲೆ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು) ಬೆಳೆಯುತ್ತದೆ, ಬಂಗಡೆ, ತಾರ್ಲೆ ಮೀನು ದಂಡಿಯಾಗಿ ಸಿಗುತ್ತವೆ. ಚಳಿಗಾಲದ ಹರಿವು ಬಂಗಾಳ ಕೊಲ್ಲಿಯ ಕಮ್ಮಿ ಉಪ್ಪಿನ ನೀರನ್ನು ಇಲ್ಲಿವರೆಗೂ ತರುತ್ತದೆ. ತಳ ಮತ್ತೆ ಬೆಚ್ಚಗಾಗುತ್ತದೆ.

ನನ್ನ ಕೆಲಸಕ್ಕೆ ಬೇಕಾದ್ದು ಇಷ್ಟು. ನೀರು ಉತ್ತರಕ್ಕಿದ್ದರೆ ದಕ್ಷಿಣದ ಮೂಗಿನಲ್ಲಿ ಇಳಿಯಿರಿ. ನೀರು ಬಂದು ಬಡಿಯುವ ಕಡೆ ಟ್ರೆವಲಿ, ಬ್ಯಾರಕುಡಾ ಮೀನುಗಳು ಎದುರುಮುಖವಾಗಿ ನಿಂತಿರುತ್ತವೆ. ಉತ್ತರದ ಮರೆಯಲ್ಲಿ ನೀರು ಸುಳಿ ತಿರುಗಿ ನೊರೆ, ಎಲೆ, ಕಸ ಒಂದು ಗೆರೆಯಾಗಿ ಕೂಡುತ್ತದೆ. ಆ ಗೆರೆಯ ಮೇಲೆ ಕಡಲಹಕ್ಕಿಗಳು ಮುತ್ತಿರುತ್ತವೆ. ಬಿಳಿಹೊಟ್ಟೆಯ ಕಡಲಹದ್ದಿನ ಫೋಟೊ ಬೇಕಾದವರನ್ನು ನಾನು ಅಲ್ಲಿಗೇ ಕರೆದೊಯ್ಯುತ್ತೇನೆ. ಮೀನು ಮೇಲೆ ಬಂದ ಜಾಗ ಅದಕ್ಕೆ ಗೊತ್ತು.

ಮುಂದಿನ ಮಾರ್ಚ್-ಏಪ್ರಿಲ್‌ನಲ್ಲಿ ಹರಿವು ತಿರುಗುವ ಹೊತ್ತನ್ನು ಹಿಡಿಯಬೇಕು ಅಂತಿದೆ. ಕಾರವಾರದ ಕೂರ್ಮಗಡ ಅಥವಾ ಮಲ್ಪೆಯ ಸೇಂಟ್ ಮೇರೀಸ್ ಕಡೆ ಬೋಟ್ ಓಡಿಸುವವರು ಯಾರಾದರೂ ಅದೇ ದಿನ ಒಂದು ಫ್ಲೋಟ್ ಬಿಟ್ಟರೆ, ಯಾವ ದ್ವೀಪದಲ್ಲಿ ಮೊದಲು ತಿರುಗಿತು ಅಂತ ಗೊತ್ತಾಗುತ್ತದೆ. ಹಾಯಿ ಏಳು ಮೀಟರ್, ಹೊತ್ತು 25 ಗಂಟೆ, ಇವೆರಡು ಎಲ್ಲ ಕಡೆ ಒಂದೇ ಇರಲಿ. ಜೊತೆಗೆ ಸೇರುವವರಿಗೆ ಹಗ್ಗದ ಆ ಕಟ್ಟನ್ನೂ ಹೇಳಿಕೊಡುತ್ತೇನೆ.