ಅಳತೆ ಸರಿ, ಅಕ್ಷರ ತಪ್ಪು

ನನಗೆ ಡಿಸ್ಲೆಕ್ಸಿಯಾ ಇದೆ. ಓದುವಾಗ, ಬರೆಯುವಾಗ ಅಕ್ಷರ ಕೈಕೊಡುವ ತೊಂದರೆ. ಇದು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಕೊಡಗಿನ ಭಾಗಮಂಡಲದ ಕಡೆ ಕಾಫಿ, ಕರಿಮೆಣಸಿನ ತೋಟ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ಬರೆಯುವ ಕೆಲಸವೇ ಇರಲಿಲ್ಲ, ಬಾಯಿಮಾತಲ್ಲೇ ಎಲ್ಲ ಮುಗಿಯುತ್ತಿತ್ತು. ಈಗ ಕಾಫಿ ರೇಟು, ಮಳೆ ಲೆಕ್ಕ, ಔಷಧಿ, ಆಳುಗಳ ವಿಚಾರ ಎಲ್ಲ ವಾಟ್ಸಾಪ್‌ನಲ್ಲೇ. ಬರೆಯದೆ ತೋಟ ನಡೆಯುವುದಿಲ್ಲ.

ಮಗಳಿಗೆ ಓದುವುದು ತಡವಾದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಅಂತ ಅಲ್ಲಿ ಕೇಳಿದರು. ಹೆಂಡತಿ ನನ್ನ ಮುಖ ನೋಡಿದಳು. ಇದು ಮನೆತನದಲ್ಲಿ ಬರುವುದುಂಟು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿನ ತೊಂದರೆಯೂ ಅಲ್ಲ. 1880ರ ದಶಕದಲ್ಲಿ ಈ ಹೆಸರಿಟ್ಟ ರುಡಾಲ್ಫ್ ಬರ್ಲಿನ್ ಮಾತ್ರ ಜರ್ಮನಿಯ ಕಣ್ಣಿನ ಡಾಕ್ಟರು! ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವ ಜಾಗದಲ್ಲಿ ನಮಗೆ ಎಡವಟ್ಟು.

‘ಕನ್ನಡ ಹೇಳಿದ ಹಾಗೆ ಬರೆಯುವ ಭಾಷೆ ಅಲ್ವಾ, ಅದರಲ್ಲೂ ತಪ್ಪಾ?’ ಅಂತ ಜಾಸ್ತಿ ಜನ ಕೇಳುತ್ತಾರೆ. ಹೇಳಿದ ಹಾಗೆ ಬರೆಯುವುದು ನಿಜ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕಲಿಯಬೇಕಾದ ಆಕಾರಗಳು ನೂರಾರು. ಮೆಣಸಿನ ಬಳ್ಳಿಗೆ ರೋಗ ಬರದಂತೆ ಹೊಡೆಯುವ ಔಷಧಿ ‘ಬೋರ್ಡೋ’, ಆ ಪದವನ್ನೇ ನೋಡಿ. ಕಿವಿಗೆ ಮೊದಲು ಕೇಳುವುದು ರ್, ಆಮೇಲೆ ಡೋ. ಬರೆದಾಗ ಆ ಅರ್ಕಾವತ್ತು ಡೋ ಆದಮೇಲೆ ಹೋಗಿ ಕೂರುತ್ತದೆ. ಫೋನಿನಲ್ಲಿ ಒತ್ತುವಾಗ ರ ಮೊದಲು, ತೆರೆಯ ಮೇಲೆ ಕಾಣುವುದು ಕೊನೆಗೆ. ಬೇರೆಯವರಿಗೆ ಇದು ಗಮನಕ್ಕೇ ಬರುವುದಿಲ್ಲ. ನನಗೆ ಅಲ್ಲೇ ಗಾಡಿ ನಿಂತುಬಿಡುತ್ತದೆ.

ಹಾಗೆ ನಿಂತದ್ದು ಒಮ್ಮೆ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಕಂಡಿತು. ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯುವ ಸಮಯ. ಹೊಸದಾಗಿ ತೋಟಕ್ಕಿಳಿದ ಹುಡುಗನೊಬ್ಬ ಅಳತೆ ಕೇಳಿದ್ದ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಕತ್ತಿ ಅದ್ದಿ ನೋಡು, ಕೆಂಪಗೆ ಹಿಡಿದರೆ ಇನ್ನೂ ಸುಣ್ಣ ಬೇಕು. ಇಷ್ಟನ್ನೂ ಬರೆದೆ. ತೆರೆಯ ಮೇಲೆ ಬಂದದ್ದು ‘ಬೋಡೋ’, ‘ಮೈಲುತುತ’, ‘ಬಲ್ಲಿ’. ಒಬ್ಬರು ಮೂರಕ್ಕೂ ಕೆಂಪು ಸುತ್ತು ಹಾಕಿ ಫೋಟೋ ಕಳಿಸಿದರು. ‘ಅಣ್ಣಾ, ಮೊದಲು ಒಂದನೇ ಕ್ಲಾಸಿಗೆ ಸೇರಿಕೊಳ್ಳಿ’ ಅಂತ ಕೆಳಗೆ ಒಂದು ಸಾಲು. ನಗುವ ಮುಖಗಳು ಸಾಲುಗಟ್ಟಿದವು. ಅಳತೆ ಸರಿ ಇದೆಯಾ ಅಂತ ಒಬ್ಬರೂ ನೋಡಲಿಲ್ಲ. ಹೊರಗಿನವರೊಬ್ಬರು ಕೊಡಗಿನವರ ಕನ್ನಡವೇ ಹೀಗೆ ಅಂದರು. ನಮ್ಮ ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಹೌದು. ಆದರೆ ಅದೇ ಅರೆಭಾಷೆ ಆಡಿ ಬೆಳೆದ ನನ್ನ ತಮ್ಮ ಒಂದು ಒತ್ತಕ್ಷರ ತಪ್ಪದೆ ಬರೆಯುತ್ತಾನೆ.

ಸ್ವಲ್ಪ ಸಮಯ ಗ್ರೂಪಿನಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆ, ಎಲ್ಲವನ್ನೂ ಸರಿ ಬರೆಯುವ ಆಸೆ ಬಿಟ್ಟು, ಯಾವುದು ತಪ್ಪಲೇಬಾರದು ಅನ್ನುವುದನ್ನು ಬೇರೆ ಮಾಡಿಕೊಂಡೆ. ಅಂಕಿ, ಅಳತೆ, ದುಡ್ಡು, ಹೆಸರು. ಶಕ್ತಿಯೆಲ್ಲ ಅಲ್ಲಿಗೆ. ಉಳಿದದ್ದು ಆದಷ್ಟು.

ಅಂಕಿಯೇ ನನಗೆ ದೊಡ್ಡ ಭಯ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ, ನೂರು ಸೆಂಟು ಅಂದರೆ ಒಂದು ಇಂಚು. 1 ಇಂಚು 26 ಸೆಂಟು ನನ್ನ ಕೈಯಲ್ಲಿ ಸುಮ್ನೆ 62 ಆಗಿಬಿಡುತ್ತದೆ. ಕಾಗುಣಿತ ತಿದ್ದುವ ಯಾವ ಕೀಬೋರ್ಡೂ ಇದನ್ನು ಹಿಡಿಯುವುದಿಲ್ಲ. ಅದಕ್ಕೆ ಮಳೆ ಅಳೆಯುವ ಗಾಜಿನ ಫೋಟೋ ಜೊತೆಗೇ ಕಳಿಸುತ್ತೇನೆ. ದುಡ್ಡಿನ ವಿಷಯವಾದರೆ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಹೆಂಡತಿಗೆ ಒಮ್ಮೆ ತೋರಿಸುತ್ತೇನೆ.

ಉಳಿದದ್ದಕ್ಕೆ ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸುತ್ತೇನೆ. ಕೀಬೋರ್ಡಿನ ಮೈಕ್ ಒತ್ತಿದರೆ ಆಯಿತು. ದಿನಬಳಕೆಯ ಮಾತು ಚೆನ್ನಾಗಿಯೇ ಬರುತ್ತದೆ. ತೋಟದ ಮಾತು ಬಂದರೆ ಕೆಟ್ಟಿತು. ಪಾರ್ಚ್‌ಮೆಂಟ್, ರೋಬಸ್ಟಾ, ಊರಿನ ಹೆಸರು ಎಲ್ಲ ಏನೇನೋ ಆಗುತ್ತವೆ. ಅಂಥ ಪದಗಳನ್ನು ಮಗಳ ಕೈಯಲ್ಲಲ್ಲ, ತಮ್ಮನ ಕೈಯಲ್ಲಿ ಸರಿಯಾಗಿ ಬರೆಸಿ ಕೀಬೋರ್ಡಿನ ಸ್ವಂತ ನಿಘಂಟಿನಲ್ಲಿ ಸೇರಿಸಿಟ್ಟಿದ್ದೇನೆ. ಪ್ರತಿಯೊಂದಕ್ಕೂ ಎರಡಕ್ಷರದ ಗುರುತು. ‘ಬಡ’ ಒತ್ತಿದರೆ ‘ಬೋರ್ಡೋ ದ್ರಾವಣ’ ಮೇಲೆ ಕಾಣುತ್ತದೆ.

ಕಳಿಸುವ ಮುಂಚೆ ಫೋನಿನಿಂದಲೇ ಓದಿಸಿ ಕೇಳುತ್ತೇನೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಸೆಲೆಕ್ಟ್ ಟು ಸ್ಪೀಕ್’ ಅಂತ ಇದೆ. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ. ‘ಗೊಬರ’ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಕಿವಿಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ. ಲ, ಳ ಕೂಡ ಕಿವಿಯಲ್ಲಿ ಸಿಕ್ಕಿಬೀಳುತ್ತವೆ. ಶ, ಷ ಮಾತ್ರ ಸಿಗುವುದಿಲ್ಲ, ಎರಡೂ ಒಂದೇ ಥರ ಕೇಳುತ್ತವೆ. ಅದನ್ನು ಬಿಟ್ಟುಬಿಟ್ಟಿದ್ದೇನೆ. ‘ಔಶಧಿ’ ಅಂತ ಹೋದರೂ ಬಳ್ಳಿಗೆ ಹೊಡೆಯುವವನಿಗೆ ಅರ್ಥವಾಗುತ್ತದೆ. ಎಐ ಹತ್ತಿರ ತಿದ್ದಿಸಿಯೂ ನೋಡಿದೆ. ತಪ್ಪೇನೋ ಹೋಯಿತು, ಜೊತೆಗೆ ನನ್ನ ಮಾತೂ ಹೋಗಿ ಪೇಪರಿನ ಪ್ರಕಟಣೆ ಥರ ಆಯಿತು.

ನಗುವವರಿಗೆ ಒಂದು ಸಾಲು ಸಿದ್ಧ ಇದೆ: ‘ನನಗೆ ಡಿಸ್ಲೆಕ್ಸಿಯಾ ಇದೆ. ಅಕ್ಷರ ತಪ್ಪಬಹುದು, ಅಳತೆ ನೋಡಿ ಕಳಿಸಿದ್ದೇನೆ.’ ಒಮ್ಮೆ ಹಾಕುತ್ತೇನೆ, ವಾದಕ್ಕೆ ನಿಲ್ಲುವುದಿಲ್ಲ. ಕೆಲವರು ನೆಪ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಇದೆ, ಡಿಸ್ಲೆಕ್ಸಿಯಾ ಅದರೊಳಗೇ ಬರುತ್ತದೆ. ಆದರೆ ಗ್ರೂಪಿನಲ್ಲಿ ಕಾಯ್ದೆ ಓದಿ ಹೇಳುತ್ತಾ ಕೂರಲು ನನಗೆ ಮನಸ್ಸಿಲ್ಲ. ಎಲ್ಲ ಕಡೆ ಹೇಳಿಕೊಳ್ಳುವುದೂ ಇಲ್ಲ. ಕಾಫಿ ವ್ಯಾಪಾರಿಗೆ ಯಾಕೆ ಬೇಕು? ಅವರ ಹತ್ತಿರ ಫೋನಿನಲ್ಲೇ ಮಾತು. ಖಾಸಗಿಯಾಗಿ ಮೆಸೇಜ್ ಮಾಡಿ ತಿದ್ದುವ ಮೇಷ್ಟ್ರೊಬ್ಬರಿದ್ದಾರೆ. ಅವರು ತಿದ್ದಿದ ಪದ ಸೀದಾ ನನ್ನ ನಿಘಂಟಿಗೆ ಹೋಗುತ್ತದೆ.

ಜುಲೈ ಬಂತೆಂದರೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ನೆಟ್‌ವರ್ಕ್ ಇಲ್ಲದೆ ನನ್ನ ಫೋನು ಮಾತನ್ನು ಬರೆದುಕೊಡುವುದಿಲ್ಲ. ಆಗ ವಾಯ್ಸ್ ಮೆಸೇಜೇ ಗತಿ. ಸಿಗ್ನಲ್ ಬಂದಾಗ ಅದಾಗಿಯೇ ಹೋಗುತ್ತದೆ. ಕೇಳಲು ಬೇಜಾರು ಅಂತ ಕೆಲವರು ಗೊಣಗಿದ್ದಕ್ಕೆ ಅರ್ಧ ನಿಮಿಷಕ್ಕೆ ಮುಗಿಸುತ್ತೇನೆ. ಅಂಕಿ ಮೊದಲು, ಕಥೆ ಆಮೇಲೆ.